ಸ್ಯಾಂಡ್‌ಪೇಪರಿನಷ್ಟು ಹಿಮ: ಕ್ಲೀವ್‌ಲ್ಯಾಂಡ್, 1991

1991ರ ಫೆಬ್ರವರಿ 17. ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ವಿಮಾನ ನಿಲ್ದಾಣ. ಮಧ್ಯರಾತ್ರಿ ದಾಟಿ ಸುಮಾರು 20 ನಿಮಿಷ ಆಗಿದೆ. ಸಣ್ಣಗೆ ಒಣ ಹಿಮ ಉದುರ್ತಾ ಇದೆ.

ರನ್‌ವೇಯಲ್ಲಿ ಓಡಲು ಸಿದ್ಧವಾಗಿರೋದು ರಯಾನ್ ಇಂಟರ್‌ನ್ಯಾಷನಲ್ ಏರ್‌ಲೈನ್ಸ್‌ನ 590ನೇ ಫ್ಲೈಟ್. ಡಿಸಿ-9 ಸರಕು ವಿಮಾನ. ಒಳಗೆ ಪ್ರಯಾಣಿಕರಿಲ್ಲ, ಇಬ್ಬರು ಪೈಲಟ್‌ಗಳು ಮತ್ತು ಟಪಾಲು, ಅಷ್ಟೇ. ಬಫಲೋ ಊರಿಂದ ಬಂದಿದ್ದು, ಹೋಗಬೇಕಾಗಿದ್ದು ಇಂಡಿಯಾನಾಪೊಲಿಸ್‌ಗೆ. ಮಧ್ಯೆ ಇಲ್ಲಿ ನಿಂತಿದ್ದು ಸುಮಾರು 35 ನಿಮಿಷ. ಅಷ್ಟೂ ಹೊತ್ತು ಹಿಮ ಬೀಳ್ತಾನೇ ಇತ್ತು. ಪೈಲಟ್‌ಗಳು ಕೆಳಗಿಳಿದು ರೆಕ್ಕೆ ನೋಡಲಿಲ್ಲ. ಹಿಮ ತೆಗೆಯುವ ದ್ರಾವಣ ಸಿಂಪಡಿಸಿ ಅಂತ ಕೇಳಲೂ ಇಲ್ಲ.

ವಿಮಾನ ನೆಲ ಬಿಟ್ಟಿತು. ಮರುಕ್ಷಣವೇ ಎಡಕ್ಕೆ ವಾಲಿತು. ರೆಕ್ಕೆ ರನ್‌ವೇಗೆ ಬಡಿದು ವಿಮಾನ ಮಗುಚಿತು. ಇಬ್ಬರೂ ಉಳಿಯಲಿಲ್ಲ.

ಇಷ್ಟಕ್ಕೆ ಕಾರಣ ಎಷ್ಟು ದೊಡ್ಡ ಹಿಮದ ಗಡ್ಡೆ ಅಂತ ಕೇಳಬಹುದು. ಗಡ್ಡೆ ಬೇಕಾಗಿಲ್ಲ. ಸ್ಯಾಂಡ್‌ಪೇಪರ್ ಮೇಲೆ ಕೈ ಆಡಿಸಿ ನೋಡಿ. ರೆಕ್ಕೆಯ ಮೇಲ್ಭಾಗ ಅಷ್ಟು ಒರಟಾದ್ರೆ ಸಾಕು, ವಿಮಾನವನ್ನು ಮೇಲೆತ್ತುವ ಬಲ ಶೇ. 30ರವರೆಗೂ ಕಡಿಮೆಯಾಗಬಹುದು. ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯೋ ಬದಲು ಬೇಗನೆ ಬಿಟ್ಟುಹೋಗುತ್ತದೆ. ಇದಕ್ಕೇ ಸ್ಟಾಲ್ ಅನ್ನೋದು. ಎರಡೂ ರೆಕ್ಕೆ ಒಂದೇ ಸಮಯಕ್ಕೆ ಸೋಲೋದು ಅಪರೂಪ. ಯಾವುದು ಮೊದಲು ಸೋಲುತ್ತೋ ವಿಮಾನ ಆ ಕಡೆ ಉರುಳುತ್ತದೆ.

"ಒಣ ಹಿಮ ತಾನೇ, ಓಡುವಾಗ ಗಾಳಿಗೆ ಹಾರಿಹೋಗುತ್ತೆ" ಅನ್ನಿಸೋದು ಸಹಜ. ಆದರೆ ಹಾರಾಟದಲ್ಲಿ ಹಿಮ ಕಟ್ಟದಿರಲಿ ಅಂತ ರೆಕ್ಕೆಯ ಮುಂದಿನ ಅಂಚನ್ನು ಬಿಸಿ ಮಾಡ್ತಾರೆ. ಇಳಿದ ಮೇಲೆ ಆ ಬೆಚ್ಚಗಿನ ಲೋಹಕ್ಕೆ ಬಿದ್ದ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಗಟ್ಟಿಯಾಗಿ ಅಂಟಿಕೊಳ್ಳಬಹುದು. ರಾತ್ರಿ ಹೊತ್ತು ದೂರದಿಂದ ನೋಡಿದ್ರೆ ಕಾಣೋದೂ ಇಲ್ಲ. ಕೈಯಿಂದ ಮುಟ್ಟಿದ್ರೆ ಮಾತ್ರ ಗೊತ್ತಾಗುತ್ತೆ.

ಇನ್ನೊಂದು ವಿಷಯ. ಫೋಟೋದಲ್ಲಿರೋದು ಡಿಸಿ-9ರ ಮೊದಲ ಮಾದರಿ, ಸರಣಿ 10. ರೆಕ್ಕೆಯ ಮುಂದಿನ ಅಂಚು ಗಮನಿಸಿ. ಮುಂದೆ ಬಂದ ಉದ್ದದ ಮಾದರಿಗಳಲ್ಲಿ ಅಲ್ಲಿಂದ ಹೊರಗೆ ಚಾಚುವ ಸ್ಲ್ಯಾಟ್ ಅನ್ನೋ ಫಲಕಗಳಿವೆ. ನಿಧಾನ ವೇಗದಲ್ಲೂ ರೆಕ್ಕೆ ಸೋಲದಂತೆ ಅವು ನೋಡಿಕೊಳ್ಳುತ್ತವೆ. ಇದರಲ್ಲಿ ಅವಿಲ್ಲ. ಹಾಗಾಗಿ ಸ್ವಲ್ಪ ಹಿಮಕ್ಕೂ ಈ ರೆಕ್ಕೆ ತುಂಬಾ ಸೂಕ್ಷ್ಮ.

ಇದು ಆ ರಾತ್ರಿ ಬಯಲಾದ ಸಂಗತಿಯೇ? ಅಲ್ಲ. ಈ ಕಥೆಯಲ್ಲಿ ನೋವು ಕೊಡೋದು ಇದೇ.

1968ರ ಡಿಸೆಂಬರ್, ಸೂ ಸಿಟಿ: ಓಜಾರ್ಕ್ ಏರ್‌ಲೈನ್ಸ್‌ನ ಇದೇ ಮಾದರಿ, ಹಿಮ ಹಿಡಿದ ರೆಕ್ಕೆ, ಟೇಕಾಫ್‌ನಲ್ಲೇ ಬಿತ್ತು. ಪುಣ್ಯಕ್ಕೆ ಎಲ್ಲರೂ ಬದುಕಿದರು. 1985ರ ಫೆಬ್ರವರಿ, ಫಿಲಡೆಲ್ಫಿಯಾ: ಇದೇ ಮಾದರಿಯ ಸರಕು ವಿಮಾನ, ಅದೇ ಕಥೆ. 1987ರ ನವೆಂಬರ್, ಡೆನ್ವರ್: ಕಾಂಟಿನೆಂಟಲ್ 1713, 28 ಸಾವು.

ಹಿಮ ಅಂಟಿಕೊಂಡ ರೆಕ್ಕೆಯೊಂದಿಗೆ ಹಾರಬಾರದು ಅನ್ನೋ ನಿಯಮ ಅಮೆರಿಕದಲ್ಲಿ 1950ರಿಂದಲೇ ಇತ್ತು. ಅಂಟಿದೆಯೋ ಇಲ್ಲವೋ ಅನ್ನೋ ತೀರ್ಮಾನ ಮಾತ್ರ ಬಹುಪಾಲು ಪೈಲಟ್ ತಲೆ ಮೇಲೆ.

ಕ್ಲೀವ್‌ಲ್ಯಾಂಡ್ ತನಿಖೆ ಮಾಡಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಮೊದಲು ಹೇಳಿದ್ದು ಪೈಲಟ್‌ಗಳು ಹಿಮ ಗುರುತಿಸಿ ತೆಗೆಸಲಿಲ್ಲ ಅಂತಲೇ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಅತಿ ಕಡಿಮೆ ಹಿಮವೂ ಈ ಮಾದರಿಗೆ ಅಪಾಯ ಅನ್ನೋದು ಗೊತ್ತಿದ್ದೂ, ವಿಮಾನಯಾನ ಆಡಳಿತ, ತಯಾರಕ ಡಗ್ಲಸ್ ಕಂಪನಿ ಮತ್ತು ರಯಾನ್ ಏರ್‌ಲೈನ್ಸ್ ತಕ್ಕ ಕ್ರಮ ತೆಗೆದುಕೊಳ್ಳಲಿಲ್ಲ, ಪೈಲಟ್‌ಗಳ ಲೋಪಕ್ಕೆ ಬಹುಮಟ್ಟಿಗೆ ಅದೇ ಕಾರಣ ಅಂತ ಬರೆಯಿತು. ಸತ್ತವರ ಮೇಲೆ ತಪ್ಪು ಹೊರಿಸಿ ಫೈಲ್ ಮುಚ್ಚೋದು ಸುಲಭವಿತ್ತು. ಮಂಡಳಿ ಹಾಗೆ ಮಾಡಲಿಲ್ಲ.

ಆದರೂ ಪಾಠ ಮುಗಿಯಲಿಲ್ಲ. 1992ರ ಮಾರ್ಚ್ 22ರಂದು ನ್ಯೂಯಾರ್ಕಿನ ಲಗಾರ್ಡಿಯಾದಲ್ಲಿ ಯುಎಸ್‌ಏರ್ 405 ಹಿಮದ ರೆಕ್ಕೆಯಲ್ಲೇ ಮೇಲೇರಲು ಹೋಗಿ ಬಿತ್ತು. ಅದು ಫಾಕರ್ ಎಫ್-28, ಅದಕ್ಕೂ ಸ್ಲ್ಯಾಟ್ ಇರಲಿಲ್ಲ. 27 ಜನ ಹೋದರು. ಅದೇ ವರ್ಷದ ನವೆಂಬರ್‌ನಲ್ಲಿ ಹೊಸ ನಿಯಮ ಜಾರಿಗೆ ಬಂತು: ದ್ರಾವಣ ಸಿಂಪಡಿಸಿದ ಮೇಲೆ ಅದು ಎಷ್ಟು ಹೊತ್ತು ಕಾಪಾಡುತ್ತದೆ ಅನ್ನೋ ಲೆಕ್ಕ ಇರಬೇಕು. ಆ ಗಡುವು ಮೀರಿದರೆ ಹಾರುವ ಮುಂಚಿನ 5 ನಿಮಿಷದೊಳಗೆ ರೆಕ್ಕೆಯನ್ನು ಮತ್ತೆ ಪರೀಕ್ಷಿಸಬೇಕು, ಇಲ್ಲಾಂದ್ರೆ ಮತ್ತೆ ಸಿಂಪಡಿಸಬೇಕು.

ಸೂ ಸಿಟಿಯಿಂದ ಕ್ಲೀವ್‌ಲ್ಯಾಂಡ್‌ಗೆ 22 ವರ್ಷ. ಎಲ್ಲವೂ ವರದಿಗಳಲ್ಲಿ ಬರೆದಿತ್ತು. ಆ ರಾತ್ರಿ ಕಾಕ್‌ಪಿಟ್‌ನಲ್ಲಿ ಕೂತಿದ್ದ ಇಬ್ಬರಿಗೆ ಅದು ತಲುಪಬೇಕಾದ ರೀತಿಯಲ್ಲಿ ತಲುಪಿರಲಿಲ್ಲ.

ಚಳಿ ದೇಶದಲ್ಲಿರೋ ಕನ್ನಡಿಗರೇ, ಮುಂದಿನ ಸಲ ಟೇಕಾಫ್‌ಗೆ ಮುಂಚೆ ರೆಕ್ಕೆಗೆ ಕಿತ್ತಳೆ, ಹಸಿರು ದ್ರಾವಣ ಸುರಿಯೋದು ನೋಡಿದಾಗ "ಎಷ್ಟು ಲೇಟಪ್ಪಾ" ಅನ್ನಬೇಡಿ. ಆ ಕೆಲವು ನಿಮಿಷಕ್ಕೆ ಬೆಲೆ ಕೊಟ್ಟವರು ಬೇರೆಯವರು.

#ಇತಿಹಾಸ #ವಿಮಾನ #ಕನ್ನಡ