ದಕ್ಷಿಣ ಕನ್ನಡ ಜಿಲ್ಲಾ ಬೋರ್ಡಿನಿಂದ ಜಿಲ್ಲಾ ಪಂಚಾಯತಿನವರೆಗೆ: ಸದಸ್ಯಬಲದ ನಿಗದಿ ಮತ್ತು ಪ್ರಾತಿನಿಧ್ಯ

ಮಂಗಳೂರನ್ನು ಕೇಂದ್ರವಾಗಿರಿಸಿಕೊಂಡ ಜಿಲ್ಲಾ ಮಟ್ಟದ ಸ್ಥಳೀಯ ಆಡಳಿತದ ಚರಿತ್ರೆಯನ್ನು ಸಾಮಾನ್ಯವಾಗಿ ರಸ್ತೆ, ಶಾಲೆ, ಆಸ್ಪತ್ರೆಗಳ ನಿರ್ಮಾಣದ ಕಥನವಾಗಿ ಕಾಣಲಾಗುತ್ತದೆ. ಆ ಸಭೆಯಲ್ಲಿ ಎಷ್ಟು ಮಂದಿ ಕುಳಿತುಕೊಳ್ಳಬೇಕೆಂಬ ನಿಯಮ ಬದಲಾದ ಬಗೆಯೂ ಅಷ್ಟೇ ವಿಚಾರಾರ್ಹವಾದುದು. ಒಬ್ಬ ಸದಸ್ಯನ ಪಾಲಿಗೆ ಎಷ್ಟು ಊರುಗಳು ಬರುತ್ತವೆ, ದೂರದ ತಾಲ್ಲೂಕಿನ ಅಹವಾಲು ಮಂಗಳೂರಿಗೆ ತಲಪುತ್ತದೆಯೇ ಎಂಬ ಪ್ರಶ್ನೆಗಳು ಈ ಸಂಖ್ಯೆಯನ್ನೇ ಅವಲಂಬಿಸಿವೆ.

ಲಾರ್ಡ್ ರಿಪನ್‌ನ 1882ರ ನಿರ್ಣಯದ ಫಲವಾಗಿ ಬಂದ 1884ರ ಮದ್ರಾಸ್ ಸ್ಥಳೀಯ ಬೋರ್ಡುಗಳ ಕಾಯಿದೆಯು ಜಿಲ್ಲಾ ಬೋರ್ಡಿನಲ್ಲಿ ಅಧ್ಯಕ್ಷರಲ್ಲದೆ ಕನಿಷ್ಠ 24 ಸದಸ್ಯರಿರಬೇಕೆಂದು ವಿಧಿಸಿತು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೂ ಇದೇ ಕಾಯಿದೆ ಅನ್ವಯವಾಯಿತು. ಜಿಲ್ಲೆಯ ವಿಸ್ತಾರವನ್ನಾಗಲೀ ಜನಸಂಖ್ಯೆಯನ್ನಾಗಲೀ ಈ ಕನಿಷ್ಠ ಸಂಖ್ಯೆ ಪರಿಗಣಿಸಿರಲಿಲ್ಲ. ನಾಮಕರಣವೇ ಪ್ರಧಾನವಾಗಿದ್ದ ಆ ವ್ಯವಸ್ಥೆಯಲ್ಲಿ ಕಲೆಕ್ಟರರ ನೆರಳು ದಟ್ಟವಾಗಿತ್ತು. ಕುಂದಾಪುರದಿಂದ ಕಾಸರಗೋಡಿನವರೆಗೆ ಹಬ್ಬಿದ್ದ, ಹೊಳೆಗಳನ್ನು ದೋಣಿಯಲ್ಲಿ ದಾಟಿ ಬರಬೇಕಾಗಿದ್ದ ಜಿಲ್ಲೆಯಲ್ಲಿ ಸಭೆಗೆ ಹಾಜರಾಗುವುದೇ ಶ್ರಮದ ಕೆಲಸವಾಗಿತ್ತು.

1920ರ ಕಾಯಿದೆಯು ಕನಿಷ್ಠದೊಡನೆ ಗರಿಷ್ಠವನ್ನೂ ಗೊತ್ತುಪಡಿಸಿತು. ಜಿಲ್ಲಾ ಬೋರ್ಡಿಗೆ 24ರಿಂದ 52, ತಾಲ್ಲೂಕು ಬೋರ್ಡಿಗೆ 12ರಿಂದ 24 ಸದಸ್ಯರೆಂಬ ಮಿತಿ ಏರ್ಪಟ್ಟಿತು. ನಾಲ್ಕನೆಯ ಮೂರು ಭಾಗದಷ್ಟು ಸ್ಥಾನಗಳಿಗೆ ಚುನಾವಣೆ ನಡೆಯಬೇಕಾಯಿತು. 1930ರ ತಿದ್ದುಪಡಿಯಿಂದ ನಾಮಕರಣ ಪದ್ಧತಿ ಕೊನೆಗೊಂಡಿತು. 1934ರಲ್ಲಿ ತಾಲ್ಲೂಕು ಬೋರ್ಡುಗಳು ರದ್ದಾದಾಗ ಅವುಗಳ ಹೊಣೆಯೂ ಜಿಲ್ಲಾ ಬೋರ್ಡಿನ ಮೇಲೆ ಬಿದ್ದಿತು. ಕುಂದಾಪುರ, ಉಡುಪಿ, ಪುತ್ತೂರುಗಳ ಬೋರ್ಡ್ ಹೈಸ್ಕೂಲುಗಳ ಹೆಸರು ಜನರ ನಾಲಗೆಯಲ್ಲಿ ಇಂದಿಗೂ ಉಳಿದಿರುವುದು ಆ ಕಾಲದ ಕುರುಹು.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳದ ಪಾಲಾಯಿತು. 1959ರ ಮೈಸೂರು ಗ್ರಾಮ ಪಂಚಾಯಿತಿಗಳ ಮತ್ತು ಸ್ಥಳೀಯ ಬೋರ್ಡುಗಳ ಕಾಯಿದೆಯು ತಾಲ್ಲೂಕು ಬೋರ್ಡಿಗೆ ಪ್ರಾಧಾನ್ಯ ನೀಡಿ, ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತನ್ನು ಮಾತ್ರ ಉಳಿಸಿತು. ಹೀಗೆ ಜನರಿಂದ ನೇರವಾಗಿ ಆಯ್ಕೆಯಾದ ಜಿಲ್ಲಾ ಸದಸ್ಯರ ಸಂಖ್ಯೆ ಕಾಲು ಶತಮಾನಕ್ಕೂ ಮಿಕ್ಕು ಸೊನ್ನೆಯಾಗಿತ್ತು.

1983ರ ಕಾಯಿದೆಯು ಈ ನಿಗದಿಯ ತಳಹದಿಯನ್ನೇ ಬದಲಿಸಿತು. ಗೊತ್ತಾದ ಅಂಕಿಯ ಬದಲಿಗೆ ಅನುಪಾತ ಬಂದಿತು: 28,000 ಜನಸಂಖ್ಯೆಗೆ ಒಬ್ಬ ಜಿಲ್ಲಾ ಪರಿಷತ್ ಸದಸ್ಯ. 1987ರ ಜನವರಿಯಲ್ಲಿ ಇದರಂತೆ ಚುನಾವಣೆ ನಡೆಯಿತು. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿ ರಚಿತವಾದ 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಆ ಅನುಪಾತವನ್ನು 40,000ಕ್ಕೆ ಏರಿಸಿತು. ಹತ್ತು ಲಕ್ಷ ಜನರಿಗೆ ಹಿಂದಿನ ಲೆಕ್ಕದಲ್ಲಿ 36 ಸದಸ್ಯರಾದರೆ ಹೊಸ ಲೆಕ್ಕದಲ್ಲಿ 25. ಕೊಡಗಿಗೆ 18,000, ಚಿಕ್ಕಮಗಳೂರು ಮತ್ತು ಉತ್ತರ ಕನ್ನಡಗಳಿಗೆ 30,000 ಎಂಬ ರಿಯಾಯಿತಿ ದೊರೆಯಿತು. ದಕ್ಷಿಣ ಕನ್ನಡಕ್ಕೆ ಗ್ರಾಮ ಪಂಚಾಯತಿಗಳ ರಚನೆಯಲ್ಲಿ ವಿನಾಯಿತಿ ಸಿಕ್ಕಿತಾದರೂ ಜಿಲ್ಲಾ ಪಂಚಾಯತಿನ ಮಟ್ಟದಲ್ಲಿ ಸಿಗಲಿಲ್ಲ. ಗುಡ್ಡ, ಬಯಲು, ತೋಟಗಳ ನಡುವೆ ಮನೆಗಳು ಚದುರಿರುವ ಈ ನೆಲದಲ್ಲಿ ಜನರ ತಲೆ ಎಣಿಕೆಯೊಂದೇ ಕ್ಷೇತ್ರದ ನಿಜವಾದ ಅಳತೆಯಾಗಲಾರದು.

ಅಂತರವನ್ನು ತಗ್ಗಿಸಿದ್ದು ಸದಸ್ಯಬಲದ ನಿಯಮಕ್ಕಿಂತ ಮಿಗಿಲಾಗಿ ಜಿಲ್ಲೆಯ ವಿಭಜನೆ. 1997ರಲ್ಲಿ ಉಡುಪಿ, ಕುಂದಾಪುರ, ಕಾರ್ಕಳ ತಾಲ್ಲೂಕುಗಳು ಉಡುಪಿ ಜಿಲ್ಲೆಯಾದವು. ಮಂಗಳೂರು, ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯ ಮಾತ್ರ ಉಳಿದವು. ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತಿಗೆ 2010ರ ಚುನಾವಣೆಯಲ್ಲಿ 35, 2016ರಲ್ಲಿ 36 ಸದಸ್ಯರು ಆಯ್ಕೆಯಾದರು.

ಆ ಸಭೆಯ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಕ್ಷೇತ್ರಗಳನ್ನು ಗುರುತಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಹಿಂಪಡೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ವಹಿಸಲಾಯಿತು. 2024ರ ಅಂತ್ಯದವರೆಗೂ ಚುನಾವಣೆ ನಡೆಯಲಿಲ್ಲ. 1884ರಲ್ಲಿ ಸದಸ್ಯರ ಕನಿಷ್ಠ ಸಂಖ್ಯೆ ಖಚಿತವಾಗಿತ್ತು, ಮತದಾರರ ಹಕ್ಕು ಇರಲಿಲ್ಲ. 2021ರ ತರುವಾಯ ಹಕ್ಕು ಸಂವಿಧಾನದಲ್ಲಿದ್ದೂ ಆಯ್ಕೆಯಾದ ಸಭೆ ಇರಲಿಲ್ಲ. ಸದಸ್ಯಬಲವನ್ನು ಎಷ್ಟಕ್ಕೆ ನಿಗದಿಪಡಿಸಬೇಕೆಂಬ ಪ್ರಶ್ನೆಯಷ್ಟೇ, ಅದನ್ನು ಯಾರು, ಯಾವ ಅವಧಿಯೊಳಗೆ ನಿಗದಿಪಡಿಸಬೇಕೆಂಬುದೂ ಪ್ರಾತಿನಿಧ್ಯದ ಅಳಿವು ಉಳಿವಿನ ಪ್ರಶ್ನೆಯೆಂಬುದು ಈ ಚರಿತ್ರೆಯಿಂದ ವಿದಿತವಾಗುತ್ತದೆ.