ಎತ್ತಿನ ಹೆಜ್ಜೆಗೆ ಅಳೆದ ದಾರಿ

ಕುಮಟೆಯಿಂದ ಶಿರಸಿಯ ಕಡೆಗೆ ಸೈಕಲ್ಲಿನ ಮೇಲೆ ದೇವಿಮನೆ ಘಟ್ಟವನ್ನೇರುವವನಿಗೆ, ಏರು ದೀರ್ಘವಾದುದೇ ಹೊರತು ಕ್ರೂರವಾದುದಲ್ಲವೆಂಬುದು ಮೊದಲ ಕೆಲವು ತಿರುವುಗಳಲ್ಲಿಯೇ ಅನುಭವಕ್ಕೆ ಬರುತ್ತದೆ. ತೊಡೆ ಬಿಗಿಯುತ್ತದೆ, ಉಸಿರು ದೊಡ್ಡದಾಗುತ್ತದೆ. ಆದರೆ ಕಾಲು ಒಮ್ಮೆ ತನ್ನ ಲಯವನ್ನು ಹಿಡಿದುಕೊಂಡಿತೆಂದರೆ ದಾರಿ ಆ ಲಯವನ್ನು ಬಹುದೂರದವರೆಗೂ ಕೆಡಿಸುವುದಿಲ್ಲ. ಬೆಟ್ಟದ ಮೈಯನ್ನು ಬಳಸಿಕೊಂಡು, ಹಳ್ಳ ಬಂದೆಡೆ ಒಳಕ್ಕೆ ಸರಿದು ಮೋರಿಯ ಮೇಲೆ ಹಾದು, ಮತ್ತೆ ಏಣಿನ ಕಡೆಗೆ ಹೊರಳುತ್ತ, ಅದು ಅವಸರವಿಲ್ಲದೆ ಮೇಲಕ್ಕೆ ಒಯ್ಯುತ್ತದೆ. ಮೋಟಾರಿನಲ್ಲಿ ಕುಳಿತು ಹೋಗುವವನಿಗೆ ಈ ಬಳಸು ವ್ಯರ್ಥವಾಗಿ ಕಂಡೀತು. ಅದರ ಅರ್ಥವನ್ನು ಇಂದು ಮೈಯಿಂದ ತಿಳಿಯಬಲ್ಲವನು ಸೈಕಲ್ಲಿನವನೊಬ್ಬನೇ; ಏಕೆಂದರೆ ಈ ಸೀಮೆಯ ಘಟ್ಟದ ದಾರಿಗಳನ್ನು ಮೊದಲು ಅಳೆದು ಕಡಿದುದು ಯಂತ್ರಕ್ಕಾಗಿ ಅಲ್ಲ, ಗಾಡಿ ಎಳೆಯುವ ಎತ್ತಿನ ಕತ್ತಿಗಾಗಿ.

ಇದರ ಲೆಕ್ಕ ಸರಳವಾದುದು. 20 ಅಡಿ ಮುಂದೆ ಸಾಗಿದಾಗ 1 ಅಡಿ ಏರುವ ದಾರಿಯಲ್ಲಿ, 20 ಮಣ ಭಾರದ ಗಾಡಿಯನ್ನು ಎಳೆಯುವ ಜೋಡಿಗೆ ಮಟ್ಟಸ ನೆಲದ ಎಳೆತದ ಮೇಲೆ 1 ಮಣದಷ್ಟು ಎಳೆತ ಹೆಚ್ಚಿಗೆ ಬೀಳುತ್ತದೆ. ಅದೇ ದಾರಿಯನ್ನು 10ಕ್ಕೆ 1ರಂತೆ ಕಡಿದಾಗಿಸಿದರೆ ಆ ಹೆಚ್ಚಳ 2 ಮಣವಾಗುತ್ತದೆ. ಒಂದು ಗಳಿಗೆಯ ಮಟ್ಟಿಗಾದರೆ ಎತ್ತು ಅದನ್ನೂ ಸಹಿಸೀತು, ಗಂಟೆಗಟ್ಟಲೆ ಸಹಿಸಲಾರದು. ಆದುದರಿಂದಲೇ ಗಾಡಿರಸ್ತೆಯ ಎಂಜಿನಿಯರರು 20ಕ್ಕೆ 1ರ ಆಸುಪಾಸಿನ ಏರನ್ನು ಹಿತವಾದುದೆಂದು ಎಣಿಸಿದರು. 600 ಮೀಟರು ಎತ್ತರವನ್ನು ಆ ಪ್ರಮಾಣದಲ್ಲಿ ಏರಲು 12 ಕಿಲೋಮೀಟರು ದಾರಿ ಬೇಕಾಗುವುದರಿಂದ, ನೇರವಾಗಿ ನೋಡಿದರೆ ಕೂಗಳತೆಯಲ್ಲಿ ಕಾಣುವ ನೆತ್ತಿಗೆ ಅಷ್ಟೊಂದು ಸುತ್ತುಗಳನ್ನು ಹಾಕಿದರು. ಸೈಕಲ್ಲೂ ಸೇರಿ 80 ಕಿಲೋ ತೂಗುವ ಸವಾರನಿಗೆ ಇದೇ ಏರಿನಲ್ಲಿ ಬೀಳುವ ಹೆಚ್ಚಿನ ಹೊರೆ 4 ಕಿಲೋ ತೂಕದಷ್ಟು ಮಾತ್ರ. ಎತ್ತಿಗೆ ಸಲ್ಲುವ ದಾರಿ ಮನುಷ್ಯನ ಕಾಲಿಗೂ ಸಲ್ಲುವುದು ಹೀಗೆ.

ಗಾಡಿಗೂ ಮೊದಲು ಘಟ್ಟದ ದಾರಿಯೆಂದರೆ ಹೇರೆತ್ತಿನ ದಾರಿ. ಬೆನ್ನಿನ ಎರಡು ಪಕ್ಕಕ್ಕೂ ಹಸುಬೆ ಇಳಿಬಿಟ್ಟ ಎತ್ತುಗಳು ಒಂದರ ಹಿಂದೊಂದು ಸಾಲುಗಟ್ಟಿ ಏರುತ್ತಿದ್ದ ಆ ಕಾಲುದಾರಿಗಳಿಗೆ ಅಗಲವೂ ಬೇಕಿರಲಿಲ್ಲ, ಏರಿನ ಮಿತಿಯೂ ಬೇಕಿರಲಿಲ್ಲ. ಕೆಳಗಿನಿಂದ ಉಪ್ಪು, ತೆಂಗಿನಕಾಯಿ, ಒಣಮೀನು. ಮೇಲಿನಿಂದ ಮೆಣಸು, ಅಡಿಕೆ, ಅಕ್ಕಿ. ಗೋಕರ್ಣದ ನೆರೆಯ ಸಾಣಿಕಟ್ಟೆಯ ಗದ್ದೆಗಳಲ್ಲಿ ಬಿಸಿಲಿಗೆ ಬೆಳೆದ ಉಪ್ಪು ಬಯಲುಸೀಮೆಯ ಅಡುಗೆಮನೆಯನ್ನು ಸೇರಬೇಕಾದರೆ ಈ ಕಾಡನ್ನು ದಾಟಲೇಬೇಕಾಗಿದ್ದಿತು. 1930ರ ಏಪ್ರಿಲಿನಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯಿದೆಯನ್ನು ಮುರಿದಾಗ ಆ ಕಾರ್ಯಕ್ಕೆ ಅಷ್ಟೊಂದು ಕಾವು ಬಂದುದಕ್ಕೆ, ಉಪ್ಪೆಂಬುದು ಅವರ ಪಾಲಿಗೆ ಕೇವಲ ಒಂದು ಸಂಕೇತವಾಗಿರದೆ ನಿತ್ಯದ ಬದುಕೂ ಬಾಳುವೆಯೂ ಆಗಿದ್ದುದು ಒಂದು ಕಾರಣವೆಂದು ನನ್ನ ನಂಬಿಕೆ.

ಈ ಹಳೆಯ ದಾರಿಗಳಲ್ಲಿ ನಡೆದವರು ಬರೆದಿಟ್ಟುದರಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇಟಲಿಯ ಪಿಯೆತ್ರೊ ದೆಲ್ಲಾ ವಾಲೆಯ ವರ್ಣನೆ. 1623ರಲ್ಲಿ ಪೋರ್ಚುಗೀಸರ ರಾಯಭಾರದೊಡನೆ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಈತ ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಯವರೆಗೆ ಬಂದು, ಅಲ್ಲಿಂದ ಘಟ್ಟವನ್ನೇರಿದನು. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಆ ವೇಳೆಗಾಗಲೇ ಹಾಳುಬಿದ್ದು ಕಾಡಿನ ವಶವಾಗುತ್ತಲಿದ್ದುದನ್ನು ಅವನು ಕಂಡನು. ಇಂದು ಅಲ್ಲಿ ಚತುರ್ಮುಖ ಬಸದಿ ತನ್ನ ನಾಲ್ಕು ಬಾಗಿಲುಗಳನ್ನು ನಾಲ್ಕು ದಿಕ್ಕಿಗೂ ತೆರೆದುಕೊಂಡು ಮರಗಳ ನಡುವೆ ನಿಂತಿದೆ. ಮುಂದೆ ಘಟ್ಟದ ಮೇಲೆ, ಒಂದು ಗುಡಿಯ ಜಗಲಿಯಲ್ಲಿ, ಕೆಲವು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿ, ರಾಗವಾಗಿ ಲೆಕ್ಕ ಹೇಳಿಕೊಳ್ಳುತ್ತ, ಹೇಳಿದ ಅಂಕಿಯನ್ನು ಬೆರಳಿನಿಂದ ಬರೆಯುತ್ತ, ಮರಳು ತುಂಬಿದೊಡನೆ ಅಳಿಸಿ ಹೊಸದಾಗಿ ಹರಡಿಕೊಳ್ಳುತ್ತಿದ್ದುದನ್ನು ಅವನು ನಿಂತು ನೋಡಿ, ವಿಚಾರಿಸಿ, ಬರೆದಿಟ್ಟಿದ್ದಾನೆ. ರಾಜರ ವೈಭವವನ್ನು ಬರೆದವರು ಅನೇಕರುಂಟು. ದಾರಿಯ ಬದಿಯ ಮಕ್ಕಳ ಮಗ್ಗಿಯನ್ನು ಕಂಡವರು ವಿರಳ. ನಡೆಯುವವನ ವೇಗದಲ್ಲಿ ಹೋದುದರಿಂದಲೇ ಅದು ಅವನ ಕಣ್ಣಿಗೆ ಬಿದ್ದಿತೆಂಬುದರಲ್ಲಿ ನನಗೆ ಸಂಶಯವಿಲ್ಲ.

ಅರಸರಿಗೆ ಮಾತ್ರ ದಾರಿಗಳು ಒಳ್ಳೆಯವಾಗುವುದು ಬೇಕಿರಲಿಲ್ಲ. ಕೆಳದಿಯ ನಾಯಕರ ಬಿದನೂರಿಗೆ ಪಡುವಣ ದಿಕ್ಕಿನ ಕೋಟೆಯೆಂದರೆ ಕಾಡು ಮತ್ತು ಕಡಿದಾದ ಘಟ್ಟ. 1763ರಲ್ಲಿ ಹೈದರನು ಆ ನಗರವನ್ನು ಹಿಡಿದ ಮೇಲೂ ಈ ನೀತಿ ಬದಲಾಗಲಿಲ್ಲ. 1783ರಲ್ಲಿ ಕರಾವಳಿಯಿಂದ ಹೊಸಂಗಡಿ ಘಟ್ಟವನ್ನೇರಿದ ಕಂಪನಿಯ ಸೇನಾನಿ ಮ್ಯಾಥ್ಯೂಸನು ತಿರುವು ತಿರುವಿಗೂ ಅಡ್ಡಗೋಡೆಗಳನ್ನೂ ತೋಪುಗಳನ್ನೂ ಎದುರಿಸಬೇಕಾಯಿತು. ಹತ್ತಿಯ ಹಿಂದೆ ಬಂದ ವರ್ತಕನ ಅಪೇಕ್ಷೆ ಇದಕ್ಕೆ ತೀರ ವಿರುದ್ಧವಾಗಿದ್ದಿತು.

ಧಾರವಾಡ ಸೀಮೆಯ ಕರಿಯ ನೆಲದ ಹತ್ತಿ ಕುಮಟೆಯ ಬಂದರಿನಲ್ಲಿ ಹಡಗನ್ನೇರುತ್ತಿದ್ದುದರಿಂದ, ಬೆಳೆದ ಊರಿನ ಹೆಸರು ಮರೆಯಾಗಿ, ಇಂಗ್ಲೆಂಡಿನ ಪೇಟೆಗಳಲ್ಲಿ ಅದಕ್ಕೆ ‘ಕುಮಟಾ’ ಎಂಬ ಹೆಸರೇ ನಿಂತಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ, ಅಲ್ಲಿಯ ಹತ್ತಿ ಲ್ಯಾಂಕಶೈರಿನ ಗಿರಣಿಗಳಿಗೆ ಬಾರದೆ ಹೋದಾಗ, ಹುಬ್ಬಳ್ಳಿ ಗದಗುಗಳ ಹತ್ತಿಗೆ ಕಂಡರಿಯದ ಬೆಲೆ ಬಂದಿತು. ಮರುವರ್ಷವೇ, ಎಂದರೆ 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನ ಆಡಳಿತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಹತ್ತಿ ಬೆಳೆಯುವ ನಾಡೂ ಅದನ್ನು ಸಾಗಿಸುವ ಕಾರವಾರದ ಬಂದರೂ ಒಂದೇ ಸರಕಾರದ ಕೈಯಲ್ಲಿರಬೇಕೆಂಬುದು ಅದರ ಹಿಂದಿದ್ದ ಪ್ರಬಲವಾದ ಕಾರಣ. ಕನ್ನಡ ಕರಾವಳಿ ಎರಡು ಪ್ರಾಂತಗಳಿಗೆ ಹಂಚಿಹೋಗಿ ತೊಂಬತ್ತಕ್ಕೂ ಮಿಕ್ಕ ವರ್ಷಗಳ ಕಾಲ ಹಾಗೆಯೇ ಉಳಿದುದರಲ್ಲಿ, ದೂರದ ಗಿರಣಿಗಳ ಹಸಿವಿಗೂ ಈ ಘಟ್ಟದ ತಿರುವುಗಳಿಗೂ ಪಾಲಿದೆಯೆಂಬುದನ್ನು ನೆನೆದಾಗ ನನಗೆ ಈಗಲೂ ವ್ಯಥೆಯಾಗುತ್ತದೆ.

ಹತ್ತಿಯನ್ನು ಹೊತ್ತು ಈ ಘಟ್ಟಗಳನ್ನು ಇಳಿದ ಗಾಡಿಗಳ ವೈಭವ ಬಹುಕಾಲ ಉಳಿಯಲಿಲ್ಲ. ಕ್ಯಾಸಲ್‌ರಾಕಿನ ಮೂಲಕ ಮೊರ್ಮುಗೋವೆಗೆ ರೈಲುದಾರಿ 1888ರ ಹೊತ್ತಿಗೆ ಪೂರ್ಣವಾಗಿ ತೆರೆದುದೇ ತಡ, ಹತ್ತಿ ಆ ಕಡೆಗೆ ಹರಿಯಿತು. ಕುಮಟೆ, ಕಾರವಾರಗಳ ಧಕ್ಕೆಗಳು ಬಡವಾದವು; ದಾರಿಗಳು ಮಾತ್ರ ಉಳಿದವು. ಅವುಗಳ ಮೇಲೆ ಅಂಚೆಯವನೂ ಶಾಲೆಯ ಮಾಸ್ತರನೂ ಮೀನಿನ ಬುಟ್ಟಿಯವನೂ ಏರಿ ಬಂದ ಸೈಕಲ್ಲು ಇಂದಿನದಲ್ಲ: 20 ಕಿಲೋದಷ್ಟು ತೂಗುವ ಉಕ್ಕಿನ ಗಾಡಿ, ಗೇರಿಲ್ಲ, ಸರಳಿನ ಬ್ರೇಕಿನ ರಬ್ಬರು ಮಳೆಯಲ್ಲಿ ತೊಯ್ದ ಗಾಲಿಯನ್ನು ಹಿಡಿಯದು. ಘಟ್ಟ ಬಂತೆಂದರೆ ಇಳಿದು ತಳ್ಳುವುದೇ ಕ್ರಮವಾಗಿತ್ತು. ಏರನ್ನು ಕುಳಿತೇ ಹತ್ತುವ ಸವಾರರನ್ನು ಈ ದಾರಿಗಳು ಕಂಡುದು ಗೇರಿನ ಸೈಕಲ್ಲು ಬಂದ ಬಳಿಕ. ಶನಿವಾರ ಭಾನುವಾರಗಳಂದು ಹುಬ್ಬಳ್ಳಿಯಿಂದಲೂ ಬೆಂಗಳೂರಿನಿಂದಲೂ ಬರುವ ತರುಣರಿಗೆ ಇವು ಈಗ ಪ್ರಿಯವಾದ ಹಾದಿಗಳಾಗಿವೆ.

ಅವರಿಗೆ ದೊರೆಯುವ ಸೌಖ್ಯದಲ್ಲಿ ಕಾಡಿನ ಪಾಲೂ ದೊಡ್ಡದು. ಜೋಗದಿಂದ ಗೇರುಸೊಪ್ಪೆಗೆ ಇಳಿಯುವ ಮಲೆಮನೆ ಘಟ್ಟದ ಮಗ್ಗುಲಲ್ಲಿ ಕತ್ತಲೆಕಾನು ಇದೆ. ಅಲ್ಲಿ ಜಾಯಿಕಾಯಿಯ ಕುಲದ ಮರಗಳು ಸದಾ ನೀರು ನಿಲ್ಲುವ ಜವುಗಿನಲ್ಲಿ ನಿಂತು, ಉಸಿರಿಗಾಗಿ ಬೇರುಗಳನ್ನು ಮೊಣಕಾಲಿನಂತೆ ಮಡಿಸಿ ನೀರಿನ ಮೇಲಕ್ಕೆತ್ತುತ್ತವೆ. ಇಂತಹ ಜವುಗುಗಳು ಬಹು ಪುರಾತನವಾದ ಕಾಡಿನ ಅವಶೇಷಗಳು. ಸಿಂಗಳೀಕಗಳು ಮರದಿಂದ ಮರಕ್ಕೆ ಹಾರುವಾಗ ಕೊಂಬೆ ತೊನೆಯುವ ಸದ್ದು ಸೈಕಲ್ಲಿನವನಿಗೆ ಕೇಳಿಸುತ್ತದೆ. ಶಿರಸಿಯ ಬಳಿಯ ಸಲ್ಕಣಿಯ ಜನ 1983ರಲ್ಲಿ ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆಯದಿದ್ದರೆ, ಈ ಸೀಮೆಯ ದಾರಿಗಳ ಎಷ್ಟು ಭಾಗ ನೆರಳಿಲ್ಲದೆ ಉಳಿಯುತ್ತಿತ್ತೆಂದು ಹೇಳುವುದು ಕಷ್ಟ.

ಈಚಿನ ವರ್ಷಗಳಲ್ಲಿ ಶಿರಸಿ-ಕುಮಟೆಯ ದಾರಿಯನ್ನು ಹೆದ್ದಾರಿಯಾಗಿ ಅಗಲಗೊಳಿಸುತ್ತಲಿದ್ದಾರೆ. ಲಾರಿಗಳಿಗೆ ಅದು ಬೇಕಾದುದೇ, ಅಲ್ಲವೆನ್ನಲಾಗದು. ಆದರೆ ಗುಡ್ಡದ ಮೈಯನ್ನು ಕಡಿದಾಗಿ ಕೊರೆದರೆ, ಮಳೆಗಾಲದಲ್ಲಿ ಆ ಸಡಿಲವಾದ ಕೆಂಪುಮಣ್ಣಿಗೆ ನಿಲ್ಲುವ ಆಧಾರವೆಲ್ಲಿ? 2021ರ ಜುಲೈ ಮಳೆಯಲ್ಲಿ ಅರಬೈಲು ಘಟ್ಟವೂ ಅದರ ನೆರೆಯ ಕಳಚೆಯೂ ಕುಸಿದುದನ್ನು ಜಿಲ್ಲೆ ಮರೆತಿಲ್ಲ. ಹಳೆಯ ದಾರಿಯ ಒಳಬದಿಯ ಚರಂಡಿ, ಪ್ರತಿಯೊಂದು ಹಳ್ಳಕ್ಕೂ ಇಟ್ಟ ಮೋರಿ, ಬೆಟ್ಟದ ಏಣನ್ನು ಕತ್ತರಿಸದೆ ಅದರೊಡನೆಯೇ ಹೊರಳುವ ತಿರುವು, ಇವುಗಳನ್ನು ಹೊಸದನ್ನು ಕಟ್ಟುವವರು ಒಮ್ಮೆ ನಡೆದಾದರೂ ನೋಡಬೇಕು.

ಈ ಚರಿತ್ರೆಯನ್ನೆಲ್ಲ ಒಂದೇ ಸುತ್ತಿನಲ್ಲಿ ಕಾಣಬಯಸುವವನು ಕುಮಟೆಯಿಂದ ಹೊರಟು ದೇವಿಮನೆಯನ್ನೇರಿ, ಶಿರಸಿ, ಸಿದ್ಧಾಪುರ, ಜೋಗಗಳನ್ನು ಹಾದು, ಗೇರುಸೊಪ್ಪೆಗೆ ಇಳಿದು, ಹೊನ್ನಾವರದ ಮೇಲೆ ಮರಳಬಹುದು. ದಾರಿ ಸುಮಾರು 200 ಕಿಲೋಮೀಟರು. ದೂರಸವಾರಿಯ ಕೂಟಗಳವರು ಇಷ್ಟು ದೂರಕ್ಕೆ ಹದಿಮೂರೂವರೆ ಗಂಟೆಯ ಅವಧಿಯನ್ನು ಇಡುತ್ತಾರೆ, ಬಲಿಷ್ಠರು ಅದಕ್ಕೂ ಮೊದಲೇ ಮುಗಿಸುತ್ತಾರೆ. ಆದರೆ ಬಸದಿಯ ಮುಂದೆ ಇಳಿದು ಕೂರುವವನೂ ಮೋರಿಯ ಕಲ್ಲನ್ನು ಮುಟ್ಟಿ ನೋಡುವವನೂ ಮೂರು ದಿನವನ್ನಾದರೂ ಇಟ್ಟುಕೊಳ್ಳಲಿ. ಮಳೆ ನಿಂತು ಹಳ್ಳಗಳಲ್ಲಿ ಇನ್ನೂ ನೀರಿರುವ ಕಾರ್ತಿಕ ಮಾರ್ಗಶಿರಗಳು ಅದಕ್ಕೆ ಉತ್ತಮ.