ಕ್ರಿಯಾಪದಕ್ಕೆ ಕಾಯುವ ವಾಕ್ಯ: ಠಾಣೆ–ಕಲ್ಯಾಣ ಸೀಮೆಯ ಕನ್ನಡ ಮತ್ತು ಮುಂಬಯಿ ಕಥನದ ವಾಕ್ಯರಚನೆ

ಠಾಣೆ ನಿಲ್ದಾಣದ ಧ್ವನಿವರ್ಧಕದಲ್ಲಿ ದಿನವಿಡೀ ಕೇಳಿಬರುವ ಮರಾಠಿ ಮಾತೊಂದಿದೆ: ‘ಕಲ್ಯಾಣಕಡೆ ಜಾಣಾರೀ ಜಲದ ಲೋಕಲ್’. ಅದನ್ನು ಕನ್ನಡಕ್ಕೆ ತರುವಾಗ ಒಂದು ಪದವೂ ಜಾಗ ಬಿಟ್ಟು ಕದಲಬೇಕಿಲ್ಲ: ‘ಕಲ್ಯಾಣದ ಕಡೆಗೆ ಹೋಗುವ ವೇಗದ ಲೋಕಲ್’. ಎಲ್ಲಿಗೆ, ಹೇಗೆ ಎಂಬುದೆಲ್ಲ ಮೊದಲು ಕೇಳಿಸಿ, ಗಾಡಿಯ ಹೆಸರು ಕೊನೆಗೆ ಬರುತ್ತದೆ. ಹಿಂದಿಯ ‘ಜಾನೇವಾಲೀ’ ಕೂಡ ಹೆಚ್ಚುಕಡಿಮೆ ಇದೇ ದಾರಿಯದು. ಇಂಗ್ಲಿಷಿನಲ್ಲಿ ಮಾತ್ರ ಗಾಡಿ ಮೊದಲು, ಊರು ಆಮೇಲೆ.

1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕ ರೈಲು ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ಇದೇ ಠಾಣೆಯಲ್ಲಿ. ಹಳಿ ಮುಂದೆ ಕಲ್ಯಾಣ ಮುಟ್ಟಿತು. ಆ ಹಳಿಯ ಗುಂಟ ಕರಾವಳಿಯ ಹೋಟೆಲಿನವರು, ಉತ್ತರ ಕನ್ನಡದ ಗುಮಾಸ್ತರು, ವಿಜಯಪುರ–ಕಲಬುರಗಿ ಕಡೆಯ ಕೂಲಿಕಾರರು ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆ ನಿಂತರು. ಖಾಡಿಯಾಚೆ ನವಿ ಮುಂಬಯಿ ಎದ್ದಾಗ ಅಲ್ಲಿಗೂ ಹೋದರು. ಈ ಸೀಮೆಯ ಕನ್ನಡದ ಮಾತು ಬಂದಾಗ ಚರ್ಚೆ ಹೆಚ್ಚಾಗಿ ಬೆರಕೆ ಪದಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಪದಗಳು ಬರುತ್ತವೆ, ಹೋಗುತ್ತವೆ. ಮನಸ್ಸಿನ ಚಲನೆ ಗೊತ್ತಾಗುವುದು ವಾಕ್ಯದ ಕಟ್ಟಿನಲ್ಲಿ. ಈ ಸೀಮೆಯ ಕನ್ನಡದಲ್ಲಿ ಆಗುತ್ತಿರುವ ನಿಜವಾದ ಬದಲಾವಣೆಯೂ ಅಲ್ಲೇ ಇದೆ ಎಂಬುದು ಪ್ರಸ್ತುತ ಲೇಖನದ ವಾದ.

ಕನ್ನಡದ ಪೂರ್ಣ ಕ್ರಿಯಾಪದ ಸಹಜವಾಗಿ ಕೂರುವುದು ವಾಕ್ಯದ ತುದಿಯಲ್ಲಿ. ಅದನ್ನು ಕದಲಿಸಿದರೆ ಏನಾಗುತ್ತದೆಂದು ನೋಡಲು, ಇಲ್ಲಿಗಾಗಿಯೇ ಕಟ್ಟಿದ ಒಂದು ವಾಕ್ಯ: ‘ಮಗ ಕಲ್ಯಾಣದ ಕೊನೆಯ ಲೋಕಲ್ಲಿಗೂ ಬರಲಿಲ್ಲ.’ ಇದು ವರದಿ. ‘ಬರಲಿಲ್ಲ ಮಗ, ಕಲ್ಯಾಣದ ಕೊನೆಯ ಲೋಕಲ್ಲಿಗೂ’ ಎಂದರೆ ಹೇಳುತ್ತಿರುವವಳು ತಾಯಿ ಎಂಬುದು ಬೇರೆ ಹೇಳದೆಯೇ ತಿಳಿಯುತ್ತದೆ. ಅವಳು ಹಿಂದಿನ ಲೋಕಲ್‌ಗಳನ್ನೂ ಕಾದಿದ್ದಳೆಂದು ‘ಊ’ಕಾರ ಹೇಳುತ್ತದೆ. ‘ಕಲ್ಯಾಣದ ಕೊನೆಯ ಲೋಕಲ್ಲಿಗೂ ಬಾರದ ಮಗ’ ಎಂದಾಗ ಬಾರದಿರುವುದು ಘಟನೆಯಾಗಿ ಉಳಿಯದೆ ಮಗನ ಗುಣವಾಗಿಬಿಡುತ್ತದೆ. ಮೇಲಾಗಿ ವಾಕ್ಯ ಇನ್ನೂ ಮುಗಿದಿಲ್ಲ; ಆ ಮಗ ಏನು ಮಾಡಿದನೆಂದು ಓದುಗ ಕಾಯಬೇಕು. ಸರಕು ಮೂರರಲ್ಲೂ ಅದೇ.

ಇಂಥ ಸೂಕ್ಷ್ಮಗಳತ್ತ ವ್ಯಾಕರಣಕಾರರ ಗಮನ ಹೋದಷ್ಟು ವಿಮರ್ಶಕರ ಗಮನ ಹೋಗಿಲ್ಲ. ಎ. ಕೆ. ರಾಮಾನುಜನ್ 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧ ಕನ್ನಡ ವ್ಯಾಕರಣದ ಮೇಲಿನದೇ. ಇತ್ತ ಯಶವಂತ ಚಿತ್ತಾಲರ ‘ಶಿಕಾರಿ’ (1979) ಕುರಿತ ಬರಹಗಳಲ್ಲಿ ಅಸ್ತಿತ್ವವಾದ, ನಗರದ ಪರಕೀಯತೆಗಳಿಗೆ ಸಿಕ್ಕ ಜಾಗ ಆ ಕಾದಂಬರಿಯ ವಾಕ್ಯಗಳಿಗೆ ಸಿಕ್ಕಿಲ್ಲ.

‘ಶಿಕಾರಿ’ಯ ನಾಗಪ್ಪ ತನ್ನನ್ನು ಯಾರೋ ಬೇಟೆಯಾಡುತ್ತಿದ್ದಾರೆಂಬ ಗುಮಾನಿಯಲ್ಲಿ ಸಿಕ್ಕಿಬಿದ್ದ ಕಂಪನಿ ಅಧಿಕಾರಿ. ಅವನಂಥವನ ಮನಸ್ಸಿಗೆ ಕನ್ನಡದಲ್ಲಿ ಒಂದು ವಿಶೇಷ ಅನುಕೂಲವಿದೆ. ‘ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂದು...’ ಎಂಬಲ್ಲಿಗೆ ನಿಲ್ಲಿಸಿ ನೋಡಿ. (ವಾಕ್ಯ ಚಿತ್ತಾಲರದಲ್ಲ, ಮಾದರಿಗಾಗಿ ಕಟ್ಟಿದ್ದು.) ಮುಂದೆ ‘ತಿಳಿಯಿತು’ ಎಂದು ಬರಬಹುದು, ‘ಅನಿಸಿತು’, ‘ಹೆದರಿದ’, ‘ಸುಳ್ಳು ಹೇಳಿದ’ ಎಂದೂ ಬರಬಹುದು. ಕೊನೆಯ ಪದ ಬರುವ ತನಕ ಅದು ನಿಜವೋ ಭ್ರಮೆಯೋ ಓದುಗನಿಗೆ ಗೊತ್ತಾಗದು. ಅಷ್ಟು ಹೊತ್ತು ಅವನೂ ನಾಗಪ್ಪನ ಸ್ಥಿತಿಯಲ್ಲೇ ಇರುತ್ತಾನೆ. ಮಾತು ಮೊದಲು, ಮಾತಿನ ಯಜಮಾನಿಕೆ ಆಮೇಲೆ. ಇದಕ್ಕೆ ಹೆಗಲು ಕೊಡುವುದು ಚತುರ್ಥಿಯ ಕರ್ತೃ: ‘ನಾಗಪ್ಪ ಹೆದರಿದ’ ಎಂದರೆ ಹೆದರಿಕೆ ಅವನ ಕೆಲಸ, ‘ನಾಗಪ್ಪನಿಗೆ ಹೆದರಿಕೆಯಾಯಿತು’ ಎಂದರೆ ಅದು ಹೊರಗಿನಿಂದ ಬಂದು ಅವನನ್ನು ಹಿಡಿದದ್ದು. ಬೇಟೆಯ ಕಥೆಗೆ ಯಾವುದು ಒಗ್ಗುತ್ತದೆಂದು ಹೇಳಬೇಕಿಲ್ಲ.

ಜಯಂತ ಕಾಯ್ಕಿಣಿಯವರ ದಾರಿ ಬೇರೆ. ಚಿತ್ತಾಲರು ಹನೇಹಳ್ಳಿಯವರು, ಇವರು ಗೋಕರ್ಣದವರು. ಇಬ್ಬರ ಮನೆಮಾತೂ ಕೊಂಕಣಿ. ಒಬ್ಬರು ಪಾಲಿಮರ್ ವಿಜ್ಞಾನಿ, ಇನ್ನೊಬ್ಬರು ಜೀವರಸಾಯನ ಓದಿ ಔಷಧ ಕಂಪನಿಯಲ್ಲಿ ದುಡಿದವರು. ಕಾಯ್ಕಿಣಿಯವರ ಮುಂಬಯಿ ಕತೆಗಳ ಪಾತ್ರಗಳಲ್ಲಿ ಹಲವರು ಕನ್ನಡ ಬಾರದವರು, ಆದರೂ ಪುಟದ ಮೇಲೆ ಅವರು ಬದುಕುವುದು ಕನ್ನಡದಲ್ಲೇ. ಕಾಯ್ಕಿಣಿಯವರ ಗದ್ಯದ ಬಲ ಕೃದಂತ ವಿಶೇಷಣದಲ್ಲಿದೆ. ವ್ಯಕ್ತಿಯ ಹೆಸರು ಬರುವ ಮೊದಲೇ ಅವನ ಕೈಯ ಚೀಲ, ಹಿಂದಿನ ರಾತ್ರಿಯ ಪಾಳಿ, ಹೊಲಿಗೆ ಬಿಟ್ಟ ಚಪ್ಪಲಿ ಎಲ್ಲ ಬಂದು ಕೂರಬಲ್ಲ ವಾಕ್ಯ ಅದು. ತೇಜಸ್ವಿನಿ ನಿರಂಜನ ಮಾಡಿದ ಈ ಕತೆಗಳ ಇಂಗ್ಲಿಷ್ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಪಡೆಯಿತು. ಅನುವಾದ ಎಷ್ಟೇ ಚೆನ್ನಾಗಿರಲಿ, ಇಂಗ್ಲಿಷಿನ ಕಟ್ಟಿನಲ್ಲಿ ಮನುಷ್ಯ ಮೊದಲು ಬಂದು ಚೀಲ ಹಿಂದಿನಿಂದ ಬರುತ್ತದೆ. ಕನ್ನಡದಲ್ಲಿ ಸಾಮಾನು ಸರಂಜಾಮಿನ ನಡುವಿನಿಂದ ಮನುಷ್ಯ ಮೂಡುತ್ತಾನೆ, ಕಿಕ್ಕಿರಿದ ಡಬ್ಬಿಯಲ್ಲಿ ಮುಖ ಕಾಣುವ ಹಾಗೆ.

ಪಕ್ಕದ ಭಾಷೆ ಈ ಕಟ್ಟನ್ನು ಮುಟ್ಟುವುದು ಹೇಗೆ? ಇದಕ್ಕೆ ಹತ್ತಿರದ ದಾಖಲೆ ಸಾಂಗ್ಲಿ ಜಿಲ್ಲೆಯ ಕುಪವಾಡದ್ದು. ಕನ್ನಡ, ಮರಾಠಿ, ಉರ್ದು, ತೆಲುಗು ಒಟ್ಟಿಗೆ ಬಾಳುತ್ತಿದ್ದ, ಸುಮಾರು 3,000 ಜನರ ಆ ಊರನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಧ್ಯಯನ ಮಾಡಿ 1971ರ ಒಂದು ಲೇಖನ ಸಂಪುಟದಲ್ಲಿ ಪ್ರಕಟಿಸಿದರು. ಪದಕೋಶ ಬೇರೆಬೇರೆಯಾಗಿಯೇ ಉಳಿದು ವಾಕ್ಯದ ಅಚ್ಚು ಮಾತ್ರ ಒಂದಾಗಿತ್ತು. ‘ಇದು ನಿಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ಮುಗಿಯಬೇಕಾದ ವಾಕ್ಯಕ್ಕೆ ಅಲ್ಲಿನ ಕನ್ನಡ ಮರಾಠಿಯ ‘ಆಹೇ’ಗೆ ಸಮನಾಗಿ ‘ಐತಿ’ ಸೇರಿಸಿಕೊಂಡಿತ್ತು. ಅದೇ ಸಂಪುಟದಲ್ಲಿ ಫ್ರಾಂಕ್ಲಿನ್ ಸೌತ್‌ವರ್ತ್ ಮರಾಠಿಯ ಹುಟ್ಟಿನಲ್ಲೇ ದ್ರಾವಿಡ ನಂಟನ್ನು ಹುಡುಕಿದರು. ವಾದ ಒಪ್ಪಲಿ ಬಿಡಲಿ, ಮರಾಠಿಯ ‘ಮ್ಹಣೂನ’ ನಮ್ಮ ‘ಎಂದು’ವಿನ ಕೆಲಸ ಮಾಡುವುದನ್ನು ಡೊಂಬಿವಲಿಯ ಯಾವ ಕನ್ನಡಿಗನೂ ಬಲ್ಲ. ಕೊಡುಕೊಳೆ ಎರಡೂ ಕಡೆಯದು.

‘ಇವರು ನನ್ನ ಅಣ್ಣ ಇದ್ದಾರೆ’, ‘ಅಪ್ಪ ಹೇಳಿದ್ರು ಕಿ ಊರಿಗೆ ಹೋಗೋದು ಬೇಡ’: ಕಲ್ಯಾಣದಲ್ಲೇ ಹುಟ್ಟಿ ಬೆಳೆದ ತಲೆಮಾರಿನ ಬಾಯಲ್ಲಿ ಇಂಥ ವಾಕ್ಯ ಅಪರೂಪವಲ್ಲ. ಎರಡನೆಯದನ್ನು ತುಸು ಹತ್ತಿರದಿಂದ ನೋಡಬೇಕು. ಹಿಂದಿ–ಮರಾಠಿಯ ‘ಕಿ’ ಬಂದೊಡನೆ ಹೇಳಿದವರು ಮುಂದೆ ಬಂದು, ಹೇಳಿದ್ದು ಹಿಂದೆ ಸರಿಯುತ್ತದೆ. ನಾಗಪ್ಪನ ಗುಮಾನಿಗೆ ನೆಲೆಯಾಗಿದ್ದ ಆ ಅನಿಶ್ಚಿತ ಕ್ಷಣ ಇಲ್ಲಿ ಉಳಿಯುವುದೇ ಇಲ್ಲ. ನಿರೂಪಕನ ಗದ್ಯಕ್ಕೆ ಇದು ನಷ್ಟ. ಪಾತ್ರದ ಬಾಯಿಗೆ ಹಾಗಲ್ಲ. ತಾಯಿ ‘ಇದು ನಮ್ಮ ಮನೆ’ ಎಂದಲ್ಲಿ ಮಗ ‘ಇದು ನಮ್ಮ ಮನೆ ಇದೆ’ ಎಂದರೆ, ಅವಳ ಮಾತಿನಲ್ಲಿ ಪ್ರಶ್ನೆಗೆ ಎಡೆಯಿಲ್ಲ. ಅವನದು ದಾಖಲೆ ತೋರಿಸಿ ಹೇಳಿದಂತಿದೆ. ಎರಡು ತಲೆಮಾರಿನ ಅಂತರ ಒಂದು ‘ಇದೆ’ಯಲ್ಲಿ ಕಾಣುತ್ತದೆ. ಸಂಪಾದಕರು ಅದನ್ನು ತಪ್ಪೆಂದು ಹೊಡೆದುಹಾಕಿದರೆ ಹೋಗುವುದು ಪಾತ್ರವೇ.

ಬೆರಕೆಯ ಚಿಂತೆ ಹೊಸದೇನಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಸಂಸ್ಕೃತ–ಕನ್ನಡಗಳ ಬೆಸುಗೆ ಎಲ್ಲಿ ಕೆಡುತ್ತದೆಂದು ವಿಚಾರಿಸಿತ್ತು. ಅದನ್ನು ಬರೆಸಿದ ಆಸ್ಥಾನದ ದೊರೆ ಅಮೋಘವರ್ಷನ ಹೆಸರು ಠಾಣೆಗೆ ಸಮೀಪದ ಕಾನ್ಹೇರಿ ಗುಹೆಗಳ ಶಾಸನಗಳಲ್ಲೂ ಇದೆ. ಆದರೆ ಬರಿಯ ಚಿಂತೆಗಿಂತ ಈ ಸೀಮೆಗೆ ಈಗ ಬೇಕಾಗಿರುವುದು ಕುಪವಾಡದಲ್ಲಿ ಆದಂಥ ಕೆಲಸ. ಡೊಂಬಿವಲಿಯ ಕರ್ನಾಟಕ ಸಂಘ, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಮನಸ್ಸು ಮಾಡಿದರೆ ಮೂರು ತಲೆಮಾರಿನ ಮನೆಮಾತನ್ನು ಧ್ವನಿಮುದ್ರಿಸಿಕೊಂಡು ವಾಕ್ಯ ವಾಕ್ಯವಾಗಿ ಬಿಡಿಸಿ ನೋಡಬಹುದು. ಮೊದಲ ತಲೆಮಾರಿನ ಹಿರಿಯರು ಇರುವಾಗಲೇ ಅದು ಆಗಲಿ.